ಅಂಗಳದ ಹೆಮ್ಮರಗಳ ಆರೈಕೆ

ಮಂಗಳೂರು, ಉಡುಪಿ, ಕುಂದಾಪುರಗಳ ಕಡೆ ಮನೆ ಕಟ್ಟಿದವರು ಅದರ ಬದಿಯಲ್ಲೇ ಒಂದು ಮಾವು, ಒಂದು ಹಲಸು, ನಾಲ್ಕಾರು ತೆಂಗಿನ ಸಸಿಗಳನ್ನು ನೆಡುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ನೆಟ್ಟವರು ಕಾಲವಶರಾಗಿ, ಹಂಚಿನ ಮನೆ ತಾರಸಿಯ ಮನೆಯಾಗಿ, ಸೆಗಣಿ ಸಾರಿಸುತ್ತಿದ್ದ ಅಂಗಳಕ್ಕೆ ಇಂಟರ್‌ಲಾಕ್ ಹಾಸು ಬಂದು, ಬೇಲಿಯಿದ್ದಲ್ಲಿ ಆವರಣದ ಗೋಡೆ ಎದ್ದು, ನೋಡನೋಡುತ್ತ ನಲವತ್ತೈವತ್ತು ವರ್ಷಗಳು ಸಂದುಹೋದ ಮೇಲೆ, ಆ ಸಸಿಗಳು ಮಾಡನ್ನು ಮೀರಿ ಬೆಳೆದು ನಿಂತಿರುವುದನ್ನು ಕಾಣುವ ಮಕ್ಕಳ ಮನಸ್ಸಿನಲ್ಲಿ ಮಮತೆಯ ಜೊತೆಗೆ ಭೀತಿಯೂ ಸೇರಿಕೊಳ್ಳುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವು ಪಶ್ಚಿಮ ಕರಾವಳಿಗೆ ಸಮೀಪವಾಗಿ ಉತ್ತರಕ್ಕೆ ಸಾಗಿದಾಗ ಮರಗಳೂ ವಿದ್ಯುತ್ ಕಂಬಗಳೂ ನೆಲಕ್ಕೊರಗಿದ್ದನ್ನು ಕಣ್ಣಾರೆ ಕಂಡವರಿಗೆ ಈ ಭೀತಿ ನಿರಾಧಾರವೆಂದು ಹೇಳುವಂತಿಲ್ಲ. ಆದರೆ ಭೀತಿಗೊಳಗಾಗಿ ನಾವು ಮರಕ್ಕೆ ಮಾಡುವ ಚಿಕಿತ್ಸೆಯೇ ಅನೇಕ ವೇಳೆ ಅದನ್ನು ಇನ್ನಷ್ಟು ಅಪಾಯಕಾರಿಯನ್ನಾಗಿ ಮಾಡುತ್ತದೆಂಬುದನ್ನು ಮನೆಯವರೆಲ್ಲ ಅರಿತಿರಬೇಕಾದುದು ಅವಶ್ಯ.

ಆ ಚಿಕಿತ್ಸೆ ಎಂಥದೆಂಬುದು ಎಲ್ಲರಿಗೂ ಗೊತ್ತು. ಮುಂಗಾರಿಗೆ ಹದಿನೈದು ದಿನವಿರುವಾಗ ಕತ್ತಿ ಗರಗಸಗಳೊಡನೆ ಕೆಲಸದವರು ಬರುತ್ತಾರೆ. ಸಂಜೆಯ ಹೊತ್ತಿಗೆ ಮಾವಿನ ಮರದ ತಲೆ ಬೋಳಾಗಿ, ಮೋಟುಗೆಲ್ಲುಗಳು ಮಾತ್ರ ಉಳಿದಿರುತ್ತವೆ. ಆ ವರ್ಷವೇನೋ ಗಾಳಿಗೆ ಸಿಕ್ಕುವಷ್ಟು ಎಲೆಯಿಲ್ಲದುದರಿಂದ ಮನೆಯವರು ನಿಶ್ಚಿಂತೆಯಿಂದ ನಿದ್ರಿಸುವರು. ಆದರೆ ಆಹಾರ ತಯಾರಿಸುವ ಎಲೆಗಳನ್ನು ಒಮ್ಮೆಗೇ ಕಳೆದುಕೊಂಡ ಮರವು, ಸಂಚಿತ ಶಕ್ತಿಯನ್ನೆಲ್ಲ ವ್ಯಯಮಾಡಿ, ಮೋಟಿನ ತುದಿಯಲ್ಲಿ ಹತ್ತಿಪ್ಪತ್ತು ಚಿಗುರುಗಳನ್ನು ಒಟ್ಟಿಗೆ ಹೊರಡಿಸುತ್ತದೆ. ಹುಟ್ಟಿನಿಂದ ಬಂದ ಗೆಲ್ಲಿನ ಬುಡವು ಕಾಂಡದ ಒಳಗಿನಿಂದಲೇ ಪದರಪದರವಾಗಿ ಹೆಣೆದುಕೊಂಡಿರುತ್ತದೆ. ಈ ಹೊಸ ಚಿಗುರುಗಳಿಗಾದರೋ ತೊಗಟೆಯ ಕೆಳಗಿನ ತೆಳುಪದರದ ಆಸರೆಯಷ್ಟೆ. ನಾಲ್ಕೈದು ವರ್ಷಗಳಲ್ಲಿ ಅವು ತೋಳುಗಾತ್ರಕ್ಕೆ ಬೆಳೆದು, ಅವುಗಳ ಕೆಳಗಿನ ಮೋಟು ಮಳೆನೀರು ಕುಡಿದು ಕೊಳೆಯುತ್ತ ಬಂದಾಗ, ಮೊದಲಿಗಿಂತಲೂ ಭಾರವಾದ ತಲೆಯು ಮೊದಲಿಗಿಂತಲೂ ದುರ್ಬಲವಾದ ಸಂಧಿಯ ಮೇಲೆ ನಿಂತಂತಾಗುತ್ತದೆ.

ಮರದ ಗಾಯವು ನಮ್ಮ ಗಾಯದಂತೆ ಮಾಯುತ್ತದೆಂಬ ಭಾವನೆ ಬಹುಜನರಲ್ಲಿದೆ. ಅಮೆರಿಕದ ಅರಣ್ಯ ಇಲಾಖೆಯಲ್ಲಿ ಸಸ್ಯರೋಗ ವಿಜ್ಞಾನಿಯಾಗಿದ್ದ ಅಲೆಕ್ಸ್ ಶೈಗೊ ಎಂಬವರು ಅಸಂಖ್ಯ ಮರಗಳನ್ನು ಉದ್ದುದ್ದವಾಗಿ ಸೀಳಿ ಪರೀಕ್ಷಿಸಿ, 1970ರ ದಶಕದಲ್ಲಿ ಪ್ರಕಟಿಸಿದ ತತ್ತ್ವವು ಈ ಭಾವನೆಯನ್ನು ಬುಡಮೇಲು ಮಾಡಿತು. ಪ್ರಾಣಿಯ ದೇಹವು ಕೆಟ್ಟ ಅಂಗಾಂಶದ ಸ್ಥಾನದಲ್ಲಿಯೇ ಹೊಸದನ್ನು ನಿರ್ಮಿಸುತ್ತದೆ. ಮರಕ್ಕೆ ಆ ಸಾಮರ್ಥ್ಯವಿಲ್ಲ. ಅದು ಗಾಯದ ಸುತ್ತ ರಾಸಾಯನಿಕ ತಡೆಗಳನ್ನು ಕಟ್ಟಿ ಕೊಳೆಯನ್ನು ಒಂದೆಡೆ ಬಂಧಿಸಿಟ್ಟು, ಅದರ ಹೊರಗಡೆ ಹೊಸ ಮರವನ್ನು ಬೆಳೆಸಿಕೊಳ್ಳುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ಯಾರೋ ಅವಸರದಲ್ಲಿ ಕಡಿದ ಗೆಲ್ಲಿನ ಗಾಯವು, ಮೇಲೆ ತೊಗಟೆ ಮುಚ್ಚಿಕೊಂಡಿದ್ದರೂ, ಒಳಗೆ ಹಾಗೆಯೇ ಇರುತ್ತದೆ. ಆದಕಾರಣ ಕತ್ತಿಯ ಒಂದೊಂದು ಏಟೂ ಆ ಮರದ ಆಯುಷ್ಯವಿರುವವರೆಗೆ ಉಳಿಯತಕ್ಕದ್ದೆಂದು ತಿಳಿದೇ ಕೆಲಸಕ್ಕೆ ಕೈಹಾಕಬೇಕು.

ಕೈಹಾಕುವ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವೆನು. ಯಾವ ಗೆಲ್ಲನ್ನಾದರೂ ಅದು ಕಾಂಡವನ್ನು ಸೇರುವಲ್ಲಿ ಹತ್ತಿರದಿಂದ ನೋಡಿರಿ: ಬುಡದ ಸುತ್ತ ಉಂಗುರದಾಕಾರದ ಒಂದು ಉಬ್ಬು, ಸುಕ್ಕುಗಟ್ಟಿದ ತೊಗಟೆಯೊಡನೆ ಕಾಣುತ್ತದೆ. ಮರವು ಕೊಳೆಯನ್ನು ತಡೆಯುವ ಕೋಟೆಯನ್ನು ಕಟ್ಟುವುದು ಇಲ್ಲಿಯೇ. ನೋಟಕ್ಕೆ ನುಣುಪಾಗಿರಲೆಂದು ಈ ಉಬ್ಬನ್ನೂ ಸೇರಿಸಿ ಕಾಂಡಕ್ಕೆ ಸಮವಾಗಿ ಕೊಯ್ದರೆ ಕೋಟೆಯೇ ಹೋಯಿತು. ಒಂದಡಿ ಮೋಟು ಬಿಟ್ಟರೆ ಆ ಮೋಟು ಸತ್ತು, ಶಿಲೀಂಧ್ರಗಳು ಒಳನುಗ್ಗಲು ದಾರಿಯಾಯಿತು. ಉಬ್ಬಿನ ಹೊರ ಅಂಚಿಗೆ ತಾಗಿದಂತೆ, ಉಬ್ಬನ್ನು ಮುಟ್ಟದಂತೆ ಕೊಯ್ಯುವುದೇ ಸರಿಯಾದ ರೀತಿ. ಗೆಲ್ಲು ದಪ್ಪವಾಗಿದ್ದರೆ ಒಂದೇ ಕೊಯ್ತದಲ್ಲಿ ಮುಗಿಸಲು ಹೋಗಬಾರದು. ಅರ್ಧ ಕೊಯ್ಯುವಷ್ಟರಲ್ಲಿ ತನ್ನ ಭಾರಕ್ಕೆ ತಾನೇ ಜಗ್ಗಿ, ಕಾಂಡದ ತೊಗಟೆಯನ್ನು ಮೊಳದುದ್ದ ಸುಲಿದುಕೊಂಡು ಬೀಳುತ್ತದೆ. ಕಾಂಡದಿಂದ ಒಂದಡಿ ಆಚೆ ಗೆಲ್ಲಿನ ಅಡಿಭಾಗದಲ್ಲಿ ಮೂರನೆಯ ಒಂದು ಪಾಲಿನಷ್ಟು ಮೊದಲು ಕೊಯ್ದು, ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಕೊಯ್ದು ಗೆಲ್ಲನ್ನು ಬೀಳಿಸಿ, ಹಗುರವಾಗಿ ಉಳಿದ ಮೋಟನ್ನು ಕೊನೆಗೆ ಉಬ್ಬಿನ ಅಂಚಿನಲ್ಲಿ ತೆಗೆಯಬೇಕು. ಗಾಯಕ್ಕೆ ಡಾಮರು, ಬಣ್ಣಗಳನ್ನು ಬಳಿಯುವ ರೂಢಿಯಿಂದ ಕೊಳೆ ನಿಂತದ್ದಿಲ್ಲ. ಪೊಟರೆಗೆ ಸಿಮೆಂಟು ತುಂಬಿಸುವುದಂತೂ ಒಳಗಿನ ತೇವವನ್ನು ಹೊರಬಾರದಂತೆ ಬಂಧಿಸುವ ಕೆಲಸ.

ಯಾವುದನ್ನು ಕೊಯ್ಯಬೇಕು? ಒಣಗಿದ್ದನ್ನು, ಒಂದನ್ನೊಂದು ಉಜ್ಜುವುದನ್ನು, ಬಂದಳಿಕೆ ಹಿಡಿದುದನ್ನು ಎಂದು ಎಲ್ಲರೂ ಹೇಳುವರು, ಅದು ಸರಿಯೇ. ಆದರೆ ಗಾಳಿಯ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯವಾದುದು ಸಮಗಾತ್ರದ ಎರಡು ಕವಲುಗಳು ಇಕ್ಕಟ್ಟಾದ ಕೋನದಲ್ಲಿ ಕೂಡುವ ಸ್ಥಳ. ಅಲ್ಲಿ ಎರಡು ಕವಲುಗಳ ತೊಗಟೆಯೂ ನಡುವೆ ಸಿಕ್ಕಿಬಿದ್ದಿರುವುದರಿಂದ, ಹೊರಗೆ ಒಂದಾಗಿ ಕಂಡರೂ ಒಳಗೆ ಬೆಸುಗೆಯೇ ಇರುವುದಿಲ್ಲ. ಸಸಿಯಿರುವಾಗಲೇ ಅವುಗಳಲ್ಲಿ ಒಂದನ್ನು ಪೇನಾಚೂರಿಯಿಂದ ತೆಗೆದಿದ್ದರೆ ಮುಗಿಯುತ್ತಿತ್ತು. ಈಗ ಒಂದು ಕವಲನ್ನು ಮುಖ್ಯವೆಂದು ಆರಿಸಿಕೊಂಡು, ಇನ್ನೊಂದರ ತುದಿಯನ್ನು ಎರಡು ಮೂರು ವರ್ಷಗಳ ಅಂತರದಲ್ಲಿ ಸ್ವಲ್ಪಸ್ವಲ್ಪವಾಗಿ ಮೊಟಕುಮಾಡುತ್ತ ಅದರ ಬೆಳವಣಿಗೆಯನ್ನು ತಗ್ಗಿಸಬೇಕು. ಗಾಳಿಯ ವೇಗ ಇಮ್ಮಡಿಯಾದರೆ ಮರದ ಮೇಲಣ ಒತ್ತಡ ನಾಲ್ಮಡಿಯಾಗುವುದರಿಂದ, ಮಾಡಿನ ಮೇಲೆ ಚಾಚಿದ ಉದ್ದ ಗೆಲ್ಲುಗಳನ್ನು ಒಂದು ಬಲವಾದ ಉಪಕವಲಿನವರೆಗೆ ಹಿಂದಕ್ಕೆ ತರುವುದು ಬಹಳ ಪ್ರಯೋಜನಕಾರಿ. ಒಳಗಿನ ಚಿಕ್ಕ ಕೊಂಬೆಗಳನ್ನೆಲ್ಲ ಸವರಿ, ತುದಿಯಲ್ಲಿ ಮಾತ್ರ ಎಲೆಗೊಂಚಲನ್ನು ಉಳಿಸುವವರಿದ್ದಾರೆ. ಭಾರವೆಲ್ಲ ತುದಿಗೆ ಸೇರಿ ಗೆಲ್ಲು ಮುರಿಯುವುದು ಹೀಗೆಯೇ. ಒಂದು ವರ್ಷದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಎಲೆಯನ್ನು ಯಾವ ಮರದಿಂದಲೂ ತೆಗೆಯಬಾರದು, ಮುದಿಮರದಿಂದ ಅದಕ್ಕೂ ಬಹಳ ಕಡಿಮೆ. ದೊಡ್ಡ ಗಾಯಗಳನ್ನು ಮಾಡುವುದೇ ಆದರೆ ಮಳೆ ಹಿಂದೆಗೆದ ಮೇಲೆ ಮಾಡುವುದು ಲೇಸು. ಕೊಯ್ಯುವ ಗೆಲ್ಲಿನ ಒಂದು ವರ್ಷದ ಮಾವಿನಹಣ್ಣಿನ ಆಸೆಯನ್ನು ಬಿಟ್ಟರೂ ನಷ್ಟವಿಲ್ಲ.

ತೆಂಗಿನ ವಿಷಯ ಬೇರೆ. ಅದರ ಕಾಂಡಕ್ಕೆ ಹೊಸ ತೊಗಟೆಯನ್ನಾಗಲಿ ಮರವನ್ನಾಗಲಿ ಬೆಳೆಸುವ ಪದರವೇ ಇಲ್ಲದುದರಿಂದ, ಹತ್ತಲು ಅನುಕೂಲವಾಗಲೆಂದು ಕಡಿದ ಕಚ್ಚುಗಳು ಎಂದೆಂದಿಗೂ ತೆರೆದ ಗಾಯಗಳಾಗಿಯೇ ಉಳಿಯುತ್ತವೆ. ಮಳೆನೀರು ನಿಲ್ಲುವುದೂ ಕೆಂಪುಮೂತಿ ಹುಳು ಮೊಟ್ಟೆಯಿಡುವುದೂ ಇಂಥ ಗಾಯಗಳಲ್ಲೇ. ಹಸಿರು ಮಡಲುಗಳನ್ನು ಗಾಳಿಯ ಭಯದಿಂದ ಕಡಿಯಬಾರದು. ಒಣಗಿದ ಮಡಲು ಮತ್ತು ಬಲಿತ ಕಾಯಿಗಳನ್ನು ಮೇ ತಿಂಗಳೊಳಗೆ ಇಳಿಸಿದರೆ ಸಾಕು.

ಮೇಲೆ ನೋಡಿ ಹೆದರುವ ನಾವು ಕೆಳಗೆ ನೋಡುವುದೇ ಇಲ್ಲ. ನನ್ನ ಮಟ್ಟಿಗೆ ಇದೇ ದೊಡ್ಡ ಲೋಪ. ಮರದ ಬಹುಪಾಲು ಬೇರುಗಳು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲಿಯೇ, ನೆರಳಿನ ವಿಸ್ತಾರವನ್ನೂ ಮೀರಿ ಹರಡಿರುತ್ತವೆ. ಮಣ್ಣಿನ ಕೆಳಗೆ ಮುರಕಲ್ಲಿನ ಹಾಸಿರುವಲ್ಲಿ ಬೇರು ಆಳಕ್ಕಿಳಿಯುವುದು ಇನ್ನೂ ಕಷ್ಟ. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿದ ಮಳೆಯ ಬಹುಭಾಗವನ್ನು ನಾಲ್ಕೇ ತಿಂಗಳಲ್ಲಿ ಕುಡಿದು ಮೆತ್ತಗಾಗುವ ಈ ನೆಲದಲ್ಲಿ, ಪಡುಗಾಳಿಗೆ ಎದುರಾಗಿ ಮರವನ್ನು ಎಳೆದು ಹಿಡಿಯತಕ್ಕವು ಪಶ್ಚಿಮದ ಬದಿಯ ಬೇರುಗಳು. ಗೋಡೆಯ ಪಾಯಕ್ಕೆಂದು ಜೆಸಿಬಿ ಆ ಬದಿಯ ಬೇರುಗಳನ್ನು ಕಡಿದರೆ, ಆ ಮರ ಆ ಮಳೆಗಾಲದಲ್ಲಲ್ಲದಿದ್ದರೆ ಇನ್ನೊಂದರಲ್ಲಿ ಮನೆಯ ಕಡೆಗೇ ಬೀಳುವ ಸಂಭವವುಂಟು. ಬುಡದವರೆಗೂ ಕಾಂಕ್ರೀಟು ಹಾಕುವುದು, ಅಂಗಳವನ್ನು ಎತ್ತರಿಸಲು ಬುಡಕ್ಕೆ ಮಣ್ಣು ತುಂಬುವುದು, ಇವೆರಡೂ ಬೇರಿನ ಉಸಿರು ಕಟ್ಟಿಸುತ್ತವೆ. ಹಲಸಿಗಂತೂ ನಿಂತ ನೀರು ಕಿಂಚಿತ್ತೂ ಆಗದು. ಗುಡಿಸಿ ಸುಡುವ ತರಗೆಲೆಯನ್ನು ಕಾಂಡಕ್ಕೆ ತಾಗದಂತೆ ಸುತ್ತಲೂ ಹರಡಿ, ಡಿಸೆಂಬರಿನಿಂದ ಮೇವರೆಗಿನ ಬರದಲ್ಲಿ ಆಗೊಮ್ಮೆ ಈಗೊಮ್ಮೆ ಗೆಲ್ಲುಗಳ ಅಂಚಿನ ಕೆಳಗೆ ಧಾರಾಳವಾಗಿ ನೀರುಣಿಸಿದರೆ ಅದಕ್ಕಿಂತ ಮಿಗಿಲಾದ ಗೊಬ್ಬರವಿಲ್ಲ.

ಬುಡದಲ್ಲಿ ಕೊಡೆಯಂಥ ಅಥವಾ ಹಲಗೆಯಂಥ ಅಣಬೆ ಎದ್ದಿದ್ದರೆ, ಗಾಳಿ ಬೀಸುವ ಬದಿಯಲ್ಲಿ ನೆಲ ಬಿರಿದಿದ್ದರೆ, ನೆಟ್ಟಗಿದ್ದ ಮರ ಹೊಸದಾಗಿ ವಾಲಿದ್ದರೆ ತಡಮಾಡದೆ ಬಲ್ಲವರಿಗೆ ತೋರಿಸಬೇಕು. ತೆಗೆಯಲೇಬೇಕಾದ ಮರವೂ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಮೇರೆಗೆ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟು ಉಳಿದವನ್ನು ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಕಡಿದ ಮರದ ಸ್ಥಾನದಲ್ಲಿ ಬೇಗ ಬೆಳೆದು ಬೇಗ ಮುರಿಯುವ ಅಕೇಶಿಯವನ್ನು ನೆಡದೆ, ಕಡಲಗಾಳಿಗೆ ಪಳಗಿದ ಸುರಹೊನ್ನೆಯನ್ನೋ ರಂಜವನ್ನೋ ನೆಡಬಹುದು. ನಮ್ಮಂತೆಯೇ ಸೆಕೆಯೂ ತೇವವೂ ಬಿರುಗಾಳಿಯೂ ಇರುವ ಫ್ಲಾರಿಡದಲ್ಲಿ, 1992ರ ಆಂಡ್ರೂ ಚಂಡಮಾರುತ ಮತ್ತು 2004–05ರ ಚಂಡಮಾರುತಗಳ ತರುವಾಯ ಅಲ್ಲಿನ ವಿಶ್ವವಿದ್ಯಾಲಯದವರು ಮರಗಳನ್ನು ಪರಿಶೀಲಿಸಿದಾಗ, ಕ್ರಮವಾಗಿ ಸವರುತ್ತ ಬಂದ ಮರಗಳು ಸವರದ ಮರಗಳಿಗಿಂತಲೂ, ಗುಂಪಾಗಿ ಬೆಳೆದ ಮರಗಳು ಒಂಟಿಮರಗಳಿಗಿಂತಲೂ ಚೆನ್ನಾಗಿ ಉಳಿದುಕೊಂಡದ್ದು ಕಂಡುಬಂದಿತು. ಜಾಗವಿರುವವರು ಆದ್ದರಿಂದ ಒಂದನ್ನು ನೆಡುವಲ್ಲಿ ಮೂರನ್ನು ನೆಟ್ಟು, ಮೊದಲ ಹತ್ತು ವರ್ಷ ಕವಲುಗಳ ಮೇಲೆ ಕಣ್ಣಿಟ್ಟು, ಗೋಡೆಯಿಂದಲೂ ತಂತಿಯಿಂದಲೂ ದೂರವಿರಿಸುವುದು ಉತ್ತಮ.