ಗಾಲ್ಫ್ ಪಾಠ: ಕೋಚ್ ತಿದ್ದುವುದೇನು?

ಗಾಲ್ಫ್ ಚೆಂಡು ಇಟ್ಟಲ್ಲೇ ಇರುತ್ತದೆ, ತೂಕ ಹೆಚ್ಚೆಂದರೆ 45.93 ಗ್ರಾಂ. ಆದರೂ ಹವ್ಯಾಸಿ ಆಟಗಾರ ಹೊಡೆದದ್ದು ನೇರ ಹೋಗುವುದು ಅಪರೂಪ.

ಭಟ್ಕಳ, ಹೊನ್ನಾವರ, ಕುಮಟಾ ಕಡೆ ಹುಡುಗರ ಕೈ ಪಳಗುವುದು ಕ್ರಿಕೆಟ್ ಬ್ಯಾಟಿನಲ್ಲಿ. ಗಾಲ್ಫ್ ಕ್ಲಬ್ ಹಿಡಿಯುವ ಅವಕಾಶ ಸಿಕ್ಕರೂ ಅದು ಕೆಲಸಕ್ಕೆಂದು ಬೆಂಗಳೂರಿಗೋ ದುಬೈಗೋ ಹೋದ ಮೇಲೆ. ಬ್ಯಾಟಿನ ಅಭ್ಯಾಸ ಅಲ್ಲಿಗೂ ಬೆನ್ನು ಹತ್ತುತ್ತದೆ: ಬಿಗಿಮುಷ್ಟಿ, ಕೆಳಗೈಯ ಜೋರು.

ಹಾಗಾಗಿ ಕೋಚ್ ಮೊದಲು ನೋಡುವುದು ಹಿಡಿತ. ಬಲಗೈ ಆಟಗಾರನಾದರೆ ಎಡಗೈ ಮೇಲೆ, ಬಲಗೈ ಕೆಳಗೆ. ಸಾಮಾನ್ಯವಾಗಿ ಬಲಗೈ ಕಿರುಬೆರಳು ಎಡಗೈಯ ತೋರುಬೆರಳು, ನಡುಬೆರಳುಗಳ ಸಂದಿನ ಮೇಲೆ ಕೂರುತ್ತದೆ. ಎರಡೂ ಕೈ ಒಂದಾಗಿ ಕೆಲಸ ಮಾಡಲಿ ಎಂದೇ ಈ ಜೋಡಣೆ. ಎಡಗೈ ತೀರಾ ಎಡಕ್ಕೆ ತಿರುಗಿದ್ದರೆ ಕ್ಲಬ್ಬಿನ ಮುಖ ತೆರೆದುಕೊಂಡೇ ಬಡಿಯುತ್ತದೆ, ಚೆಂಡು ಬಲಕ್ಕೆ ಬಾಗುತ್ತದೆ. ಇದೇ ಸ್ಲೈಸ್. ಜೋರಾಗಿ ಹೊಡೆದಷ್ಟೂ ಹೆಚ್ಚು ಬಾಗುತ್ತದೆ. ತನ್ನ ತಪ್ಪು ಆಟಗಾರನಿಗೆ ಕಾಣದು. ಕೋಚ್ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೋರಿಸಿದಾಗ ಕಾಣುತ್ತದೆ.

ನಿಲುವು, ಸ್ವಿಂಗ್ ಆಮೇಲೆ. ಹವ್ಯಾಸಿಗಳು ಕಡೆಗಣಿಸುವುದು ಪಟ್ಟಿಂಗನ್ನು, ಅಂದರೆ ಚೆಂಡನ್ನು ಮೆಲ್ಲಗೆ ಕುಳಿಯತ್ತ ಉರುಳಿಸುವುದನ್ನು. ಕುಳಿಯ ಅಗಲ 108 ಮಿ.ಮೀ. ಮಾತ್ರ. ಒಂದು ಸುತ್ತಿಗೆ 72 ಹೊಡೆತಗಳ ಪಾರ್ (ನಿಗದಿತ ಲೆಕ್ಕ) ಇದ್ದರೆ, ಅದರಲ್ಲಿ 36 ಪಟ್ಟಿಂಗ್‌ಗೇ ಮೀಸಲು. ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ದೂರ ಹೊಡೆಯುವವರಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರನ್ನು 4ನೇ ಸ್ಥಾನಕ್ಕೆ ಒಯ್ದದ್ದರಲ್ಲಿ ದೊಡ್ಡ ಪಾಲು ಪಟ್ಟಿಂಗ್‌ನದು.

ದೂರ ಹೊಡೆಯುವ ದುಬಾರಿ ಡ್ರೈವರ್ ಕ್ಲಬ್ ಕೊಳ್ಳುವ ದುಡ್ಡಿದ್ದರೆ, ಮೊದಲು ನಾಲ್ಕು ಪಾಠಕ್ಕೆ ಹಾಕುವುದೇ ಲೇಸು.