ವೇದಪಾಠದ ರಕ್ಷಣೆ ಮತ್ತು ಅರ್ಥವಿಚಾರ

ಸಂಸ್ಕೃತ ವಾಙ್ಮಯದಲ್ಲಿ ಋಗ್ವೇದವೇ ಅತ್ಯಂತ ಪ್ರಾಚೀನವಾದುದೆಂಬುದು ವಿದಿತವೇ ಆಗಿದೆ. ಹತ್ತು ಮಂಡಲಗಳ 1028 ಸೂಕ್ತಗಳು ಸ್ಥೂಲವಾಗಿ ಕ್ರಿ. ಪೂ. 1500ರಿಂದ 1000ದ ನಡುವೆ ರಚಿತವಾದುವೆಂದು ಬಹುಮಂದಿ ವಿದ್ವಾಂಸರ ಮತ. ಪುಣೆಯ ಭಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ 30 ಹಸ್ತಪ್ರತಿಗಳು 2007ರಲ್ಲಿ ಯುನೆಸ್ಕೋದ ವಿಶ್ವಸ್ಮೃತಿ ಪಟ್ಟಿಗೆ ಸೇರಿದುವು. ಅವುಗಳಲ್ಲಿ ಅತಿ ಹಳೆಯದು 1464ರದು. ಹೀಗಿರಲು, ಅದಕ್ಕೆ ಹಿಂದಿನ ಎರಡು ಸಾವಿರಕ್ಕೂ ಮಿಕ್ಕ ವರ್ಷಗಳ ಕಾಲ ಈ ಪಾಠವನ್ನು ಮುಖ್ಯವಾಗಿ ಉಳಿಸಿದುದು ಗುರುಶಿಷ್ಯರ ಕಂಠವೇ. ಇದು ಹೇಗೆ ಸಾಧ್ಯವಾಯಿತು?

ಸಂಹಿತಾಪಾಠದಲ್ಲಿ ಪದಗಳು ಸಂಧಿಯಿಂದ ಕೂಡಿರುತ್ತವೆ. ಶಾಕಲ್ಯನು ಅವನ್ನು ಬಿಡಿಸಿ ಪದಪಾಠವನ್ನು ರೂಪಿಸಿದನು. ಆರು ಋಕ್ಕುಗಳಿಗೆ ಮಾತ್ರ ಪದಪಾಠವಿಲ್ಲ. ಅವು ಇಂದಿಗೂ ಹಾಗೆಯೇ ಉಳಿದಿವೆ. ಇದ್ದುದನ್ನು ಇದ್ದಂತೆಯೇ ಒಪ್ಪಿಸುವ ನಿಷ್ಠೆಗೆ ಇದೊಂದು ಸಾಕ್ಷಿ. ಪದಗಳನ್ನು ಅಂಕಿಗಳಿಂದ ಗುರುತಿಸಿದರೆ ಮುಂದಿನ ಪಾಠಗಳ ರೀತಿ ಸುಲಭವಾಗಿ ತಿಳಿಯುತ್ತದೆ. ಕ್ರಮಪಾಠದಲ್ಲಿ 1-2, 2-3, 3-4 ಎಂದು ಸಾಗುತ್ತದೆ. ಜಟೆಯಲ್ಲಿ 1-2, 2-1, 1-2. ಘನದಲ್ಲಿ 1-2, 2-1, 1-2-3, 3-2-1, 1-2-3. ಈ ಲೆಕ್ಕದಲ್ಲಿ ನಡುವಿನ ಒಂದೊಂದು ಪದವೂ ಹದಿಮೂರು ಸಲ ಬರುತ್ತದೆ. ಆದುದರಿಂದ ಒಂದು ಪದ ಜಾರಿದರೆ ಮುಂದಿನ ಹೆಜ್ಜೆಯಲ್ಲಿಯೇ ತಪ್ಪು ಬಯಲಾಗುತ್ತದೆ.

ಪದದಂತೆ ಸ್ವರಕ್ಕೂ ಕಾವಲುಂಟು. ವೃತ್ರನ ಕಥೆಯಲ್ಲಿ ಬರುವ 'ಇಂದ್ರಶತ್ರು' ಎಂಬ ಪದದ ಕೊನೆಯಲ್ಲಿ ಉದಾತ್ತವಿದ್ದರೆ ಇಂದ್ರನನ್ನು ಕೊಲ್ಲುವವನೆಂದೂ, ಮೊದಲಲ್ಲಿದ್ದರೆ ಇಂದ್ರನೇ ಯಾರ ಕೊಲೆಗಾರನೋ ಅವನೆಂದೂ ಅರ್ಥ. ತ್ವಷ್ಟೃವಿನ ಬಾಯಲ್ಲಿ ಸ್ವರ ತಪ್ಪಿ ಅವನ ಸಂಕಲ್ಪವೇ ತಲೆಕೆಳಗಾಯಿತು.

ಧ್ವನಿ ಉಳಿದುದು ಸರಿ, ಅರ್ಥವು ಉಳಿಯಿತೇ? ಯಾಸ್ಕನ ಕಾಲಕ್ಕಾಗಲೇ ಅನೇಕ ಶಬ್ದಗಳು ದುರ್ಬೋಧವಾಗಿದ್ದುವು. ಮಂತ್ರಗಳಿಗೆ ಅರ್ಥವೇ ಇಲ್ಲವೆಂಬ ಕೌತ್ಸನ ವಾದವನ್ನು ಯಾಸ್ಕನು ನಿರುಕ್ತದಲ್ಲಿ ಎತ್ತಿಕೊಂಡು ಖಂಡಿಸುತ್ತಾನೆ. ಅರ್ಥವರಿಯದೆ ಬಾಯಿಪಾಠ ಮಾಡಿದವನನ್ನು ಹೊರೆ ಹೊತ್ತ ಕಂಬಕ್ಕೆ ಹೋಲಿಸುತ್ತಾನೆ. 14ನೆಯ ಶತಮಾನದಲ್ಲಿ ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿ ಸಾಯಣನು ಕೈಗೊಂಡ ಭಾಷ್ಯಕಾರ್ಯವು ಈ ಅರ್ಥಾನ್ವೇಷಣೆಯ ಮುಂದುವರಿಕೆಯೇ. ಮ್ಯಾಕ್ಸ್ ಮುಲ್ಲರನು 1849ರಿಂದ 1874ರವರೆಗೆ ಋಗ್ವೇದವನ್ನು ಈ ಭಾಷ್ಯಸಹಿತವಾಗಿಯೇ ಅಚ್ಚು ಹಾಕಿಸಿದನು.

ಆದರೂ ಈ ವ್ಯವಸ್ಥೆಗೆ ಒಂದು ಮಿತಿಯಿತ್ತು. ಪತಂಜಲಿಯು ಋಗ್ವೇದಕ್ಕೆ 21 ಶಾಖೆಗಳನ್ನು ಹೇಳುತ್ತಾನೆ. ಇಂದು ಮುಖ್ಯವಾಗಿ ಬಳಕೆಯಲ್ಲಿರುವುದು ಶಾಕಲಶಾಖೆಯೊಂದೇ. ಎಷ್ಟೇ ಬಿಗಿಯಾದ ಪಾಠಕ್ರಮವಿದ್ದರೂ ಕಲಿಯುವ ಶಿಷ್ಯರಿಲ್ಲದ ಕಡೆ ಕಂಠಸ್ಥವಾದ ವಿದ್ಯೆ ಗುರುವಿನೊಡನೆಯೇ ಮುಗಿಯುತ್ತದೆ. ಧರ್ಮಶಾಸ್ತ್ರಗಳು ಶೂದ್ರರನ್ನೂ ಸ್ತ್ರೀಯರನ್ನೂ ವೇದಾಧ್ಯಯನದಿಂದ ಹೊರಗಿಟ್ಟುದರಿಂದ ಆ ಶಿಷ್ಯವರ್ಗವು ಮೊದಲೇ ಕಿರಿದಾಗಿದ್ದಿತು. ಕಂಠಪಾಠವನ್ನು ಹಳಿಯುವವರೂ ಅದನ್ನೇ ವಿದ್ಯೆಯೆಂದು ಬಗೆಯುವವರೂ ಉಪಾಧ್ಯಾಯರಲ್ಲಿ ಉಂಟು. ಶಾಕಲ್ಯನಿಲ್ಲದೆ ಯಾಸ್ಕನಿಗೆ ವಿಚಾರಿಸಲು ಪಾಠವಿರುತ್ತಿರಲಿಲ್ಲ. ಯಾಸ್ಕನಿಲ್ಲದೆ ಶಾಕಲ್ಯನ ಪಾಠವು ಬರಿಯ ನಾದವಾಗಿ ಉಳಿಯುತ್ತಿತ್ತು ಎಂಬುದನ್ನು ಈ ಇಬ್ಬರೂ ನೆನೆಯುವುದೊಳ್ಳೆಯದು.