ಆಣೆ ಮಾಡಿದವರೂ ಮತ್ತೆ ಕುಡಿಯುವುದೇಕೆ?

ಕುಷ್ಟಗಿಗೆ ನೆರೆಯ ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಜನರ ಚಟಗಳನ್ನೇ ಭಿಕ್ಷೆ ಬೇಡಿದವರು. ಅವರ ಜನ್ಮದಿನ ಆಗಸ್ಟ್ 1 ನಾಡಿನಲ್ಲಿ ವ್ಯಸನಮುಕ್ತ ದಿನ. ಆದರೆ ಕುಡಿತವನ್ನು ಜೋಳಿಗೆಗೆ ಹಾಕಿದ ಮೇಲಿನ ದಿನಗಳೇ ಕಠಿಣ. ಅವುಗಳ ಬಗ್ಗೆ ಕೊಪ್ಪಳ ಸೀಮೆಯಲ್ಲಿ ಇರುವ ಕೆಲವು ನಂಬಿಕೆಗಳು ಇಲ್ಲಿವೆ.

ತಪ್ಪು ಕಲ್ಪನೆ: "ಹುಲಿಗೆಮ್ಮನ ಮುಂದ ಆಣಿ ಮಾಡ್ಯಾನ, ಇನ್ನ ಮುಟ್ಟಂಗಿಲ್ಲ."

ಸತ್ಯ: ದೇವಿಯ ಮುಂದೆ ಮಾಡಿದ ಆಣೆ ಮನಸ್ಸಿಗೆ ಬಲ ಕೊಡುತ್ತದೆ, ನಿಜ. ಆದರೆ ವರ್ಷಗಟ್ಟಲೆ ಕುಡಿದವರ ಮಿದುಳು ಹೊತ್ತು, ಜಾಗ, ಜೊತೆಗಾರರನ್ನು ಕುಡಿತದೊಂದಿಗೆ ಗಂಟು ಹಾಕಿಟ್ಟಿರುತ್ತದೆ. ಸಂಜೆ ಏಳಾಯಿತು, ದಾರಿಯಲ್ಲಿ ವೈನ್ ಶಾಪ್ ಕಂಡಿತು, ಖಾರ ಶೇಂಗಾದ ವಾಸನೆ ಬಂತು ಎಂದರೆ ಸಾಕು, ತುಡಿತ ಏಳುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆ ತಡೆದುಕೊಂಡರೆ ಅದು ತಗ್ಗುತ್ತದೆ. ಹೊಟ್ಟೆತುಂಬ ಉಂಡು, ಬೇರೆ ದಾರಿ ಹಿಡಿದು, ನಂಬಿಕೆಯವರಿಗೆ ಫೋನ್ ಮಾಡಿ ಆ ಹೊತ್ತು ಕಳೆಯಬೇಕು.

ತಪ್ಪು ಕಲ್ಪನೆ: "ಚಿಂತಿ ಇದ್ದಾಗಷ್ಟ ಕುಡೀತಾರ."

ಸತ್ಯ: ಖುಷಿಯೂ ಅಷ್ಟೇ ಅಪಾಯ. ಗಂಗಾವತಿಯಲ್ಲಿ ಭತ್ತ ಮಾರಿದ ದಿನ, ರೈಸ್ ಮಿಲ್ ಹಮಾಲರ ಬಟವಾಡೆ, ಕುಷ್ಟಗಿ, ಯಲಬುರ್ಗಾದಿಂದ ದುಡಿಯಲು ಹೋದವರು ಅಲಾಯಿ ಹಬ್ಬಕ್ಕೆ ಊರಿಗೆ ಬಂದ ರಾತ್ರಿ: ಕೈಯಲ್ಲಿ ರೊಕ್ಕ, ಸುತ್ತ ಗೆಳೆಯರು, ಎಲ್ಲರ ಬಾಯಲ್ಲೂ "ಇವತ್ತೊಂದಿನ". ಇಂಥ ದಿನಗಳು ಮೊದಲೇ ಗೊತ್ತಿರುತ್ತವೆ. ಅಂದು ರೊಕ್ಕ ಮನೆಯವರ ಕೈಗೆ ಸೇರಲಿ, ಜೊತೆಗೊಬ್ಬರು ಇರಲಿ.

ತಪ್ಪು ಕಲ್ಪನೆ: "ಬಿಟ್ಟಾವ ಒಮ್ಮಿಂದೊಮ್ಮೆಲೇ ಕುಡದುಬಿಟ್ಟ."

ಸತ್ಯ: ಗ್ಲಾಸ್ ಎತ್ತುವುದು ಕೊನೆಯ ಹೆಜ್ಜೆ. ಅದಕ್ಕೂ ಎಷ್ಟೋ ದಿನ ಮೊದಲೇ ನಿದ್ದೆ ಕೆಟ್ಟಿರುತ್ತದೆ, ಸಣ್ಣ ಮಾತಿಗೂ ರೇಗಾಟ ಶುರುವಾಗಿರುತ್ತದೆ, ವೈದ್ಯರು ಕೊಟ್ಟ ಮಾತ್ರೆ ನಿಂತಿರುತ್ತದೆ. ಧರ್ಮಸ್ಥಳದ ಮದ್ಯವರ್ಜನ ಶಿಬಿರ ಮುಗಿಸಿ ಬಂದವರಾದರೆ ಕುಡಿತ ಬಿಟ್ಟವರ ನವಜೀವನ ಸಮಿತಿಯ ಸಭೆ ತಪ್ಪಿಸುತ್ತಾರೆ. "ನಾ ಕುಡ್ಯಂಗಿಲ್ಲ, ಬರೇ ಕುಂತು ಬರ್ತೀನಿ" ಎಂಬ ಮಾತು ಬಂತೆಂದರೆ ಎಚ್ಚರ. ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕರಲ್ಲಿ ಯಾವುದು ಕಾಡುತ್ತಿದೆ ಎಂದು ದಿನವೂ ಕೇಳಿಕೊಳ್ಳುವುದು ಒಳ್ಳೆಯದು.

ತಪ್ಪು ಕಲ್ಪನೆ: "ಗೊತ್ತಾಗದಂಗ ಸಾರಿನ್ಯಾಗ ಔಷಧ ಹಾಕಿದ್ರ ಬಿಡ್ತಾನ."

ಸತ್ಯ: ಇದು ಜೀವಕ್ಕೇ ಕುತ್ತು. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಮಾತ್ರೆ ಹೊಟ್ಟೆಯಲ್ಲಿದ್ದಾಗ ಕುಡಿದರೆ ವಾಂತಿಯಾಗಿ, ಎದೆಬಡಿತ ಏರಿ, ರಕ್ತದೊತ್ತಡ ಕುಸಿಯಬಹುದು. ರೋಗಿಯ ಒಪ್ಪಿಗೆ ಪಡೆದು, ವೈದ್ಯರ ನಿಗಾದಲ್ಲೇ ಕೊಡಬೇಕಾದ ಔಷಧವಿದು.

ತಪ್ಪು ಕಲ್ಪನೆ: "ಒಂದ್ ಪೆಗ್ ತಗೊಂಡ, ಎಲ್ಲಾ ಮುಗೀತು."

ಸತ್ಯ: ಎಡವುವುದು ಬೇರೆ, ಬಿದ್ದಲ್ಲೇ ಮಲಗುವುದು ಬೇರೆ. "ಹೆಂಗೂ ಕೆಟ್ಟೆ" ಎಂಬ ನಾಚಿಕೆಯೇ ಎರಡನೇ ಪೆಗ್ ಕುಡಿಸುತ್ತದೆ. ಮನೆಯವರು ಬೈಯುವ ಬದಲು ಎಲ್ಲಿ, ಯಾರ ಜೊತೆ, ಯಾವ ಹೊತ್ತಿನಲ್ಲಿ ಎಂದು ಕೇಳಿದರೆ ಮುಂದಿನ ಸಲ ತಪ್ಪಿಸಬೇಕಾದ ದಾರಿ ಸಿಗುತ್ತದೆ. ದಿನಗಟ್ಟಲೆ ಕುಡಿದು ಥಟ್ಟನೆ ನಿಲ್ಲಿಸಿದಾಗ ಕೈ ನಡುಗಿದರೆ, ಫಿಟ್ಸ್ ಬಂದರೆ, ಇಲ್ಲದ್ದು ಕಣ್ಣಿಗೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮುಂದಿನ ಬಟವಾಡೆಗೆ ಮೊದಲೇ ಆ ನಂಬರ್ ಫೋನಿನಲ್ಲಿ ಸೇವ್ ಆಗಿರಲಿ.